ಜಯನಗರದ ಮೇಜಿನ ಮೇಲೆ ಒಬ್ಬ ಅಸುರ

ಸಾಗರ ತಾಲೂಕಿನ ನಮ್ಮೂರಿನ ಒಬ್ಬ ತಾಯಿ ನಮಗೆ ಫೋನ್ ಮಾಡಿದ್ದರು. ಅವರ ಮಗ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಬೆಂಗಳೂರಿನ ಬಿಟಿಎಂ ಲೇಔಟಿನಲ್ಲಿ ರೂಮು. "ಭಾನುವಾರ ಬಂತು ಅಂದ್ರೆ ಜಯನಗರದಲ್ಲಿ ಯಾರದೋ ಮನೇಲಿ ಕೂತು ರಾಕ್ಷಸರ ಆಟ ಆಡ್ತಾನಂತೆ. ಸಂಜೆವರೆಗೆ ಫೋನ್ ಎತ್ತಲ್ಲ. ದುಡ್ಡಿಟ್ಟು ಆಡ್ತಾರೋ, ಮಾಟ ಮಂತ್ರವೋ ಒಂದೂ ಗೊತ್ತಿಲ್ಲ. ನೀವು ಪೇಪರಿನವರು, ಆ ಕಡೆ ಹೋದಾಗ ಒಂದ್ಸಲ ನೋಡಿ ಬನ್ನಿ" ಅಂದರು.

ನಾವು ಹೋಗಿ ನೋಡಿ ಬಂದೆವು. ನೋಡಿದ್ದನ್ನು ಆ ತಾಯಿಗೆ ಫೋನಿನಲ್ಲಿ ಎರಡೇ ಮಾತಿನಲ್ಲಿ ಹೇಳಿದೆವು. ಆದರೆ ಆ ಎರಡು ಮಾತಿನ ಹಿಂದೆ ಸಾವಿರದ ಮುನ್ನೂರು ವರ್ಷದ ಇತಿಹಾಸ ಇದೆ. ಅದನ್ನು ಇಲ್ಲಿ ಬರೆಯುತ್ತಿದ್ದೇವೆ. ನಿಮ್ಮ ಮನೆಯ ಮಕ್ಕಳ ಫೋನಿನಲ್ಲೂ ಜಪಾನಿನ ಕಾರ್ಟೂನ್ ಓಡುತ್ತಿದ್ದರೆ ಇದು ನಿಮಗೂ ಸಂಬಂಧಪಟ್ಟ ವಿಷಯ.

ಮಹಡಿಯ ಕೋಣೆಯಲ್ಲಿ ಕಂಡಿದ್ದು

ಬೆಂಗಳೂರಿನ ಆ ಭಾಗದ ಹೆಸರುಗಳಲ್ಲೇ ಹಳ್ಳಿ ಇದೆ, ದೇವರೂ ಇದೆ. ಬಿಟಿಎಂ ಅಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರ. ನಾವು ಮೆಟ್ರೊ ಇಳಿದ ಬನಶಂಕರಿ ನಿಲ್ದಾಣಕ್ಕೆ ಹೆಸರು ಕೊಟ್ಟ ದೇವಿ ದುರ್ಗಮಾಸುರನನ್ನು ಕೊಂದವಳು ಎಂದು ಪುರಾಣ ಹೇಳುತ್ತದೆ. ಅಸುರನ ನೆನಪಿಲ್ಲದೆ ಆ ತಾಯಿಯ ಕಥೆ ಇಲ್ಲ. ಅಲ್ಲಿಂದ ಆಟೊ ಹಿಡಿದು ಜಯನಗರಕ್ಕೆ ಹೋದೆವು.

ಮಹಡಿಯ ಕೋಣೆಯಲ್ಲಿ ಒಂದು ಮೇಜು, ಸುತ್ತ ಐದು ಜನ. ಮೇಜಿನ ಮೇಲೆ ಕಾಗದ, ಪೆನ್ಸಿಲ್, ಚುರುಮುರಿ, ಮತ್ತೆ ಬಣ್ಣಬಣ್ಣದ ದಾಳಗಳು. ಒಂದು ದಾಳಕ್ಕೆ ಇಪ್ಪತ್ತು ಮುಖ. ದುಡ್ಡು ಎಲ್ಲೂ ಇಲ್ಲ. ಒಬ್ಬ ಹುಡುಗಿ ಕಥೆ ನಡೆಸುತ್ತಾಳೆ. ಉಳಿದ ನಾಲ್ವರು ಒಂದೊಂದು ಪಾತ್ರ. "ಸ್ವರ್ಗದ ಬಾಗಿಲು ಮುಚ್ಚಿದೆ, ಕಾವಲಿಗೆ ಗರುಡರಿದ್ದಾರೆ, ಈಗೇನು ಮಾಡ್ತೀರಿ?" ಎಂದು ಆಕೆ ಕೇಳುತ್ತಾಳೆ. ಪಾತ್ರಧಾರಿ ತನ್ನ ಪಾತ್ರದ ಬಾಯಲ್ಲೇ ಉತ್ತರ ಕೊಡಬೇಕು. ಅವನ ಪ್ರಯತ್ನ ಫಲಿಸಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಸೋಲು ಗೆಲುವಿನ ಲೆಕ್ಕ ಇಲ್ಲ. ಕಥೆ ಮುಂದಿನ ಭಾನುವಾರಕ್ಕೆ ಹೋಗುತ್ತದೆ.

ನಮ್ಮೂರಿನ ಹುಡುಗ ಅಸುರರ ಮಗನ ಪಾತ್ರ ವಹಿಸಿದ್ದ. ಅವನ ಕುಲವನ್ನು ಇಂದ್ರ ನಾಶ ಮಾಡಿದ್ದಾನೆ. ಅವನು ಇಂದ್ರನ ಸಭೆಗೆ ಹೋಗಿ ನ್ಯಾಯ ಕೇಳುವುದು ಆ ದಿನದ ಕಥೆ. "ಈ ಕಥೆ ಯಾವ ಪುರಾಣದ್ದು?" ಎಂದು ಕೇಳಿದೆವು. "ಪುರಾಣ ಅಲ್ಲ, ಅನಿಮೆ" ಅಂದ. ಅನಿಮೆ ಅಂದರೆ ಜಪಾನಿನ ಕಾರ್ಟೂನ್ ಚಿತ್ರ.

ನಮ್ಮ ಇಂದ್ರ, ನಮ್ಮ ಅಸುರ ಜಪಾನಿಗೆ ಹೋಗಿದ್ದು ಯಾವಾಗ?

ಬಾದಾಮಿಯ ಬಲಿ, ನಾರಾದ ಅಸುರ

ಬಾದಾಮಿಯ ಮೂರನೇ ಗುಹೆಯಲ್ಲಿ 578ರ ಶಾಸನ ಇದೆ. ಚಾಲುಕ್ಯರ ಮಂಗಳೇಶ ಬರೆಸಿದ್ದು. ಅದೇ ಗುಹೆಯಲ್ಲಿ ತ್ರಿವಿಕ್ರಮ ಕಾಲೆತ್ತಿ ಬಲಿಯ ಲೋಕವನ್ನು ಅಳೆಯುತ್ತಿದ್ದಾನೆ. ಆ ಹೊತ್ತಿಗೆ ಬೌದ್ಧ ಧರ್ಮ ಚೀನಾ, ಕೊರಿಯಾ ದಾಟಿ ಜಪಾನ್ ಮುಟ್ಟಿ ಕೆಲವೇ ದಶಕ ಆಗಿತ್ತು. ಬುದ್ಧನ ಹಿಂದೆ ನಮ್ಮ ದೇವರುಗಳೂ ಹೋದರು. ಹೋದವರು ಹೆಸರು ಬದಲಿಸಿಕೊಂಡರು. ಸರಸ್ವತಿ ಬೆನ್‌ಝೈತೆನ್ ಆದಳು. ಯಮ ಎನ್ಮಾ ಆದ. ಗರುಡ ಕರುರ, ಯಕ್ಷ ಯಾಶಾ. ಇಂದ್ರ ತೈಶಾಕುತೆನ್ ಆದ. ಇದರಲ್ಲಿ 'ತೆನ್' ಅಂದರೆ ದೇವ, 'ಶಾಕು' ಎಂಬುದು ಇಂದ್ರನ ಇನ್ನೊಂದು ಹೆಸರಾದ ಶಕ್ರ.

ಅಸುರನೂ ಹೋದ. ಅವನ ಹೆಸರು ಹೆಚ್ಚು ಕೆಡಲಿಲ್ಲ, ಅಶುರ ಅಂತಲೇ ಉಳಿಯಿತು. ಜಪಾನಿನ ನಾರಾ ನಗರದ ಕೋಫುಕುಜಿ ದೇವಾಲಯದಲ್ಲಿ 734ರ ಅಶುರ ಮೂರ್ತಿ ಇವತ್ತಿಗೂ ಇದೆ. ಮೂರು ಮುಖ, ಆರು ಕೈ. ಆದರೆ ಕೋರೆಹಲ್ಲಿಲ್ಲ, ಕೆಂಗಣ್ಣಿಲ್ಲ. ಎಳೆ ಹುಡುಗನ ಮುಖ, ಹುಬ್ಬು ಸ್ವಲ್ಪ ಗಂಟಿಕ್ಕಿದೆ, ಎರಡು ಕೈ ಮುಗಿದಿದೆ. ಬುದ್ಧನನ್ನು ಕಾಯುವ ಎಂಟು ಗಣಗಳಲ್ಲಿ ಅವನೂ ಒಬ್ಬ. ಸುಮಾರು ಅದೇ ಕಾಲಕ್ಕೆ ನಮ್ಮ ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯಲ್ಲಿ ರಾವಣನನ್ನು ಕಡೆಯುತ್ತಿದ್ದರು. 752ರಲ್ಲಿ ನಾರಾದ ತೋದೈಜಿಯ ದೊಡ್ಡ ಬುದ್ಧನಿಗೆ ಕಣ್ಣು ಬರೆದವನು ಭಾರತದಿಂದ ಹೋದ ಭಿಕ್ಷು ಬೋಧಿಸೇನ.

ಜಪಾನಿನಲ್ಲಿ ಅಶುರನಿಗೂ ಇಂದ್ರನಿಗೂ ಯಾಕೆ ಜಗಳ ಎನ್ನುವುದಕ್ಕೆ ಒಂದು ಕಥೆ ಹೇಳುತ್ತಾರೆ. ಅಶುರನ ಮಗಳನ್ನು ಇಂದ್ರ ಕರೆದುಕೊಂಡು ಹೋದ, ತಂದೆ ಯುದ್ಧಕ್ಕೆ ನಿಂತ, ಮತ್ತೆ ಮತ್ತೆ ಸೋತ. ಭೀಕರ ಕಾಳಗದ ಜಾಗಕ್ಕೆ ಜಪಾನಿ ಭಾಷೆಯಲ್ಲಿ ಇವತ್ತಿಗೂ 'ಶುರಾಬಾ' ಅನ್ನುತ್ತಾರೆ, ಅಶುರನ ಕಣ ಎಂದು. ಅಲ್ಲಿ ಅಸುರ ಬರೀ ಕೆಟ್ಟವನಲ್ಲ. ಅವನ ಸಿಟ್ಟಿಗೆ ಒಂದು ಕಾರಣ ಇದೆ.

1989: ಒಂದೇ ವರ್ಷ, ಮೂರು ದಾರಿ

ಈಗ ಆಟದ ಕಡೆಗೆ ಬರೋಣ. ಮೇಜಿನ ಸುತ್ತ ಪಾತ್ರ ವಹಿಸಿ ಆಡುವ ಈ ಬಗೆ ಅಚ್ಚಾಗಿ ಮಾರಾಟಕ್ಕೆ ಬಂದದ್ದು 1974ರಲ್ಲಿ, ಅಮೆರಿಕದಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಮಾಡಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಅದರಲ್ಲಿ ನಮ್ಮ ರಾಕ್ಷಸ ಬಹಳ ಬೇಗ ಸೇರಿಕೊಂಡ. 1977ರ ಪುಸ್ತಕದಲ್ಲಿ ಹುಲಿಮುಖ ಹೊತ್ತು, ಕೋಟು ಹಾಕಿಕೊಂಡು ಕೂತಿದ್ದಾನೆ. ಗೈಗ್ಯಾಕ್ಸ್ ಅವನನ್ನು ತಂದದ್ದು ರಾಮಾಯಣದಿಂದಲ್ಲ, ಅಮೆರಿಕದ ಒಂದು ಭೂತಪ್ರೇತದ ಟಿವಿ ಧಾರಾವಾಹಿಯಿಂದ.

1980ರ ದಶಕದಲ್ಲಿ ಅಲ್ಲಿನ ತಂದೆ ತಾಯಿಗಳಿಗೆ ಹೆದರಿಕೆ ಹುಟ್ಟಿತು. ಮಕ್ಕಳು ದೆವ್ವದ ಪೂಜೆ ಕಲಿಯುತ್ತಿದ್ದಾರೆ ಎಂದು ಟಿವಿಯಲ್ಲಿ ಚರ್ಚೆ, ಆಟ ವಿರೋಧಿಸಲು ಸಂಘಟನೆ. ಕೊನೆಗೆ 1989ರ ಹೊಸ ಆವೃತ್ತಿಯಲ್ಲಿ ಕಂಪನಿ 'ಡೀಮನ್', 'ಡೆವಿಲ್' ಎಂಬ ಪದಗಳನ್ನೇ ಕೈಬಿಟ್ಟಿತು. ಆಮೇಲೆ ಅವೇ ದೆವ್ವಗಳನ್ನು ಬೇರೆ ಹೆಸರಿಟ್ಟು ವಾಪಸ್ ಕರೆದುಕೊಂಡಿತು. ನಮ್ಮೂರಿನ ತಾಯಿ ಕೇಳಿದ ಪ್ರಶ್ನೆ ಹೊಸತಲ್ಲ ಎಂದು ಇದರಿಂದ ಗೊತ್ತಾಗುತ್ತದೆ.

ಅದೇ 1989ರಲ್ಲಿ ಫ್ರಾನ್ಸಿನಲ್ಲಿ ದೇವದೂತರಾಗಿ, ದೆವ್ವಗಳಾಗಿಯೇ ಆಡುವ ಒಂದು ಮೇಜಿನ ಆಟ ಬಂತು. ಅದೇ 1989ರಲ್ಲಿ ಜಪಾನಿನಲ್ಲಿ ಎರಡು ಕಥೆಗಳು ಶುರುವಾದವು. ಒಂದು, ಕ್ಲ್ಯಾಂಪ್ ಎಂಬ ಹೆಣ್ಣುಮಕ್ಕಳ ತಂಡ ಬರೆದು ಚಿತ್ರಿಸಿದ 'ಆರ್‌ಜಿ ವೇದ'. ಹೆಸರು ನಮ್ಮ ಋಗ್ವೇದದ್ದೇ, ಕಥೆ ಮಾತ್ರ ಅವರದು. ಅದರಲ್ಲಿ ಇಂದ್ರ ಸ್ವರ್ಗವನ್ನು ಕಬಳಿಸಿದ ಕ್ರೂರಿ. ಅಶುರ ಉಳಿದುಹೋದ ಒಂದು ಮಗು. ಅದನ್ನು ಕಾಪಾಡುವವನು ಯಕ್ಷರ ಅರಸ. 1991ರಲ್ಲಿ ಅದು ಅನಿಮೆ ಆಯಿತು. ಇನ್ನೊಂದು 'ಶುರಾಟೊ' ಎಂಬ ಟಿವಿ ಅನಿಮೆ. ಅಲ್ಲೂ ಇಂದ್ರನೇ ದ್ರೋಹಿ, ವಿಷ್ಣುವನ್ನು ಕಲ್ಲಾಗಿಸುತ್ತಾನೆ. ಆ ವಿಷ್ಣು ಅಲ್ಲಿ ಹೆಣ್ಣು. ಕಾಪಾಡಲು ಹೊರಡುವವನು ಅಸುರರಾಜನ ಮರುಹುಟ್ಟು.

ಅಮೆರಿಕ ಹೆದರಿ ಹೆಸರು ಅಳಿಸಿತು. ಫ್ರಾನ್ಸ್ ದೆವ್ವಕ್ಕೂ ಕುರ್ಚಿ ಕೊಟ್ಟಿತು. ಜಪಾನ್ ಅಸುರನನ್ನೇ ನಾಯಕ ಮಾಡಿತು.

ಅನಿಮೆಯಿಂದ ಮತ್ತೆ ಆಟ ಹುಟ್ಟಿತು. 1997ರಲ್ಲಿ ಕೆನಡಾದ ಒಂದು ಕಂಪನಿ ಯಾವ ಅನಿಮೆ ಕಥೆಯನ್ನಾದರೂ ಮೇಜಿನ ಮೇಲೆ ಆಡಲು ಬರುವಂಥ ನಿಯಮಪುಸ್ತಕ ತಂದಿತು. ಜಪಾನಿನ ಇನೋವೆ ಜುನಿಚಿ ಮಾಡಿದ 'ತೆನ್ರಾ ಬಾನ್ಶೊ' ಆಟದಲ್ಲಿ ಇನ್ನೂ ವಿಚಿತ್ರ ನಿಯಮ ಇದೆ. ಪಾತ್ರಧಾರಿಗೆ ಶಕ್ತಿ ಬಳಸಿದಷ್ಟೂ ಕರ್ಮ ಸೇರುತ್ತಾ ಹೋಗುತ್ತದೆ. ಕರ್ಮ 108 ದಾಟಿತೋ, ಅವನು ಅಸುರ. ಆಮೇಲೆ ಪಾತ್ರ ಅವನ ಕೈಯಲ್ಲಿ ಇರುವುದಿಲ್ಲ, ಕಥೆ ನಡೆಸುವವನ ಕೈಗೆ ಹೋಗುತ್ತದೆ. ಅಂಟಿಕೊಂಡ ಆಸೆಗಳನ್ನು ಬಿಟ್ಟರೆ ಮಾತ್ರ ಕರ್ಮ ಇಳಿಯುತ್ತದೆ. ಜಯನಗರದ ಮೇಜಿನವರು ಈ ನಿಯಮವನ್ನೂ, ಆ ಎರಡು ಅನಿಮೆಗಳ ಕಥೆಯನ್ನೂ ಬೆರೆಸಿ ತಮ್ಮದೇ ಆಟ ಕಟ್ಟಿಕೊಂಡಿದ್ದರು.

ಇದನ್ನು ನಾವೆಲ್ಲೋ ನೋಡಿದ್ದೇವೆ

ಸಂಜೆ ನಾಲ್ಕರ ಹೊತ್ತಿಗೆ ಹುಡುಗ ಇಂದ್ರನ ಸಭೆಯಲ್ಲಿ ನಿಂತಿದ್ದ. ನಿಂತಿದ್ದ ಅಂದರೆ ಕುರ್ಚಿಯ ಮೇಲೆ ಕೂತೇ ಇದ್ದ. ವೇಷ ಇಲ್ಲ, ಬಣ್ಣ ಇಲ್ಲ, ಮಾತು ಮಾತ್ರ. "ಸಮುದ್ರ ಕಡೆಯುವಾಗ ಹಗ್ಗದ ಒಂದು ತುದಿ ನಾವೂ ಹಿಡಿದಿದ್ದೆವು. ಅಮೃತದಲ್ಲಿ ನಮ್ಮ ಪಾಲೆಲ್ಲಿ?" ಎಂದು ಕೇಳುತ್ತಿದ್ದ. ಕಥೆ ನಡೆಸುವ ಹುಡುಗಿ ಇಂದ್ರನಾಗಿ ಉತ್ತರ ಕೊಡುತ್ತಿದ್ದಳು. ಇವನು ಅದನ್ನು ಖಂಡಿಸುತ್ತಿದ್ದ. ಉಳಿದವರು ಚುರುಮುರಿ ಮರೆತು ಕೇಳುತ್ತಿದ್ದರು.

ಮಲೆನಾಡಿನವರಿಗೆ, ಕರಾವಳಿಯವರಿಗೆ, ಕಾಸರಗೋಡಿನವರಿಗೆ ಇದು ಏನೆಂದು ಹೇಳಬೇಕಿಲ್ಲ. ಇದು ತಾಳಮದ್ದಳೆ.

ಗೊತ್ತಿಲ್ಲದ ಬಯಲುಸೀಮೆಯ ಓದುಗರಿಗಾಗಿ ಎರಡು ಮಾತು. ತಾಳಮದ್ದಳೆ ಅಂದರೆ ಕುಣಿತ, ವೇಷ ಇಲ್ಲದ ಯಕ್ಷಗಾನ. ಭಾಗವತರು ಪದ ಹೇಳುತ್ತಾರೆ, ಮದ್ದಳೆ ಚಂಡೆ ಇರುತ್ತದೆ. ಎರಡೂ ಕಡೆ ಪಂಚೆ ಶರಟಿನಲ್ಲೇ ಕೂತ ಅರ್ಥಧಾರಿಗಳು ಒಬ್ಬ ರಾಮ, ಒಬ್ಬ ವಾಲಿ ಆಗಿ ವಾದ ಮಾಡುತ್ತಾರೆ. ಪದ ಬರೆದಿಟ್ಟದ್ದು, ಮಾತು ಬರೆದಿಟ್ಟದ್ದಲ್ಲ. ಅಲ್ಲೇ ಹುಟ್ಟಬೇಕು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ಇವತ್ತಿಗೂ ಹೀಗೆ ಹೇಳುತ್ತಾರೆ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು ರಾವಣನಾಗಿ, ವಾಲಿಯಾಗಿ ಮಾತಿಗೆ ಕೂತರೆ ಕೇಳುವವರಿಗೆ ರಾಮನ ಪಕ್ಷ ಬಿಟ್ಟು ಆ ಕಡೆ ಮನಸ್ಸು ವಾಲುತ್ತಿತ್ತು. ಅವರು 2006ರಲ್ಲಿ ತೀರಿಕೊಂಡರು. ಅವರ ಮಾತು ಕ್ಯಾಸೆಟ್ಟುಗಳಲ್ಲಿ ಮನೆಮನೆಗೆ ಹೋಗಿತ್ತು.

ಜಪಾನಿನಲ್ಲೂ ಹಾಗೇ ಆಗಿದೆ. 1986ರಲ್ಲಿ ಅಲ್ಲಿನ ಒಂದು ಪತ್ರಿಕೆ ಮೇಜಿನ ಆಟದಲ್ಲಿ ಆಡಿದ ಮಾತನ್ನು ಇದ್ದಂತೆಯೇ ಅಚ್ಚು ಹಾಕಿತು. ಜನ ಓದಿದರು. ಅದೇ ಮುಂದೆ 'ರೆಕಾರ್ಡ್ ಆಫ್ ಲೋಡಾಸ್ ವಾರ್' ಎಂಬ ಕಾದಂಬರಿ, ಅನಿಮೆ ಆಯಿತು. ಈ ಆಟಕ್ಕೆ ಜಪಾನಿನವರು ಕರೆಯುವ ಹೆಸರು 'ಟೇಬಲ್ ಟಾಕ್', ಅಂದರೆ ಮೇಜಿನ ಮಾತು.

ತಾಳಮದ್ದಳೆಯಿಂದ ಈ ಆಟ ಹುಟ್ಟಿತು ಎಂದು ನಾವು ಹೇಳುತ್ತಿಲ್ಲ. ಎರಡಕ್ಕೂ ನಂಟಿಲ್ಲ. ವ್ಯತ್ಯಾಸವೂ ಇದೆ. ತಾಳಮದ್ದಳೆಯಲ್ಲಿ ವಾಲಿ ಎಷ್ಟೇ ಗೆದ್ದರೂ ಕೊನೆಗೆ ಸಾಯಲೇಬೇಕು. ಜಯನಗರದ ಮೇಜಿನಲ್ಲಿ ಇಪ್ಪತ್ತು ಮುಖದ ದಾಳ ಒಪ್ಪಿದರೆ ಅಸುರ ಬದುಕಬಹುದು. ಆದರೆ ಎರಡೂ ಒಂದು ನಿಯಮಕ್ಕೆ ಬದ್ಧ. ರಾಕ್ಷಸನಿಗೂ ಒಂದು ಕುರ್ಚಿ ಹಾಕಬೇಕು, ಅವನ ಮಾತು ಮುಗಿಯುವವರೆಗೆ ಕೇಳಬೇಕು. ಎದುರು ಪಕ್ಷದವನ ಬಾಯಲ್ಲಿ ನಿಂತು ಮಾತಾಡಿದವನಿಗೆ ಎದುರು ಪಕ್ಷದವನೂ ಮನುಷ್ಯನೇ ಎಂದು ಗೊತ್ತಾಗುತ್ತದೆ. ಊರಿನ ಜಗಳಗಳನ್ನು ವರದಿ ಮಾಡಿ ಮಾಡಿ ನಮಗೆ ಇದರ ಬೆಲೆ ಚೆನ್ನಾಗಿ ಗೊತ್ತಿದೆ.

ನಮ್ಮ ಹಳ್ಳಿಗಳಿಗೆ ಇದು ಹೊಸ ಪಾಠ ಅಲ್ಲ. ಬಾದಾಮಿಯ ಕಲ್ಲಿನಲ್ಲಿ ಸೋತ ಬಲಿಯನ್ನು ನಾವು ಪ್ರತಿ ದೀಪಾವಳಿಗೆ ಬಲೀಂದ್ರ ಎಂದು ಕರೆದು ಕೂರಿಸುತ್ತೇವೆ. ನಮ್ಮ ಕಡೆ ಅಂಟಿಗೆ ಪಂಟಿಗೆಯವರು ರಾತ್ರಿಯೆಲ್ಲ ದೀಪ ಹಿಡಿದು ಹಾಡುತ್ತಾ ಮನೆಮನೆಗೆ ಬರುತ್ತಾರೆ. ಸೋತ ಅಸುರನಿಗೆ ವರ್ಷಕ್ಕೊಮ್ಮೆ ಮನೆಯೊಳಗೆ ಜಾಗ ಇದೆ.

ಅಟ್ಟದ ಮೇಲಿನ ಮದ್ದಳೆ

ಆಟ ಮುಗಿದ ಮೇಲೆ ಹುಡುಗನ ಜೊತೆ ಕಾಫಿಗೆ ಹೋದೆವು. ಅವನ ಅಜ್ಜ ಊರಿನಲ್ಲಿ ಅರ್ಥಧಾರಿ ಆಗಿದ್ದವರು. ಅಜ್ಜನ ಕಾಲದ ಮದ್ದಳೆ ಅವರ ಮನೆಯ ಅಟ್ಟದ ಮೇಲಿದೆ. ಅವರು ಹೋದ ಮೇಲೆ ಊರಿನಲ್ಲಿ ಕೂಟ ನಿಂತಿತು. ಪದ ಹೇಳುವವರು ಒಬ್ಬರಿದ್ದಾರೆ, ಅರ್ಥ ಹೇಳುವ ಹುಡುಗರು ಇಲ್ಲ. ಇದ್ದವರೆಲ್ಲ ಬಿಟಿಎಂ, ಜೆಪಿ ನಗರದ ರೂಮುಗಳಲ್ಲಿದ್ದಾರೆ.

"ಊರಿಗೆ ಬಂದಾಗ ಒಂದು ವಾಲಿ ಹೇಳಬಾರದಾ?" ಎಂದೆವು.

ಅವನು ಸುಮ್ಮನಿದ್ದ. ಆಮೇಲೆ, "ನನಗೆ ಕನ್ನಡದಲ್ಲಿ ಅಷ್ಟು ಹೊತ್ತು ಮಾತಾಡೋಕೆ ಬರಲ್ಲ" ಅಂದ.

ಆಗ ನೆನಪಾಯಿತು. ಮೇಜಿನ ಮೇಲೆ ಅವನು ಅಸುರನಾಗಿ ವಾದ ಮಾಡಿದ್ದು ಮುಕ್ಕಾಲು ಪಾಲು ಇಂಗ್ಲಿಷಿನಲ್ಲಿ. ಅಸುರ ಜಪಾನಿಗೆ ಹೋದ, ಅಮೆರಿಕದ ದಾಳ ಹಿಡಿದ, ಜಯನಗರದವರೆಗೆ ವಾಪಸ್ ಬಂದ. ಸಾಗರಕ್ಕೆ ಬರಲು ಅವನಿಗೆ ಭಾಷೆ ಅಡ್ಡ ಬಂತು. ಆ ತಾಯಿ ಹೆದರಬೇಕಾದ್ದು ರಾಕ್ಷಸರ ಆಟಕ್ಕಲ್ಲ, ಇದಕ್ಕೆ.

ರಾತ್ರಿ ತಾಳಗುಪ್ಪ ರೈಲಿನಿಂದಲೇ ಆ ತಾಯಿಗೆ ಫೋನ್ ಮಾಡಿದೆವು. "ದುಡ್ಡಿಲ್ಲ, ಮಾಟ ಇಲ್ಲ. ನಿಮ್ಮ ಮಗ ಅರ್ಥ ಹೇಳ್ತಾನೆ" ಎಂದೆವು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ಅವನ ಅಜ್ಜನ ಹಾಗಾ?"

"ಅಜ್ಜನ ಹಾಗೆ ಇನ್ನೂ ಇಲ್ಲ. ಇಲ್ಲಿ ಒಂದು ಕುರ್ಚಿ ಹಾಕಿ ಕೂರಿಸಿದರೆ ಆದಾನು" ಎಂದೆವು.

ದೀಪಾವಳಿಗೆ ಅವನು ಬರುತ್ತಾನಂತೆ. ಮದ್ದಳೆಯ ಚರ್ಮ ಇಲಿ ಕಡಿದಿದೆಯೋ ಏನೋ ನೋಡಬೇಕು ಎಂದು ಅವರೇ ಹೇಳಿದರು. ನಿಮ್ಮ ಮನೆಯ ಅಟ್ಟದ ಮೇಲೂ ಇಂಥದ್ದು ಒಂದಿದ್ದರೆ ಇಳಿಸಿ ನೋಡಿ. ಮಕ್ಕಳ ಫೋನಿನಲ್ಲಿ ಅಶುರ ಕಾಣಿಸಿದರೆ ಬೈಯುವ ಮೊದಲು, ಅವನು ಯಾರ ಮೇಲೆ, ಯಾಕೆ ಸಿಟ್ಟಾಗಿದ್ದಾನೆ ಎಂದು ಒಮ್ಮೆ ಕನ್ನಡದಲ್ಲಿ ಹೇಳಿಸಿ ಕೇಳಿ.