ಬಟ್ಟಲಿನ ರಕ್ತ, ಎದೆಯ ಬೇನೆ

ಉರಿಯೂತವೆಂಬ ನಮ್ಮ ಪದವನ್ನು ಬಿಡಿಸಿದರೆ ಉರಿ, ಊತ ಎರಡೂ ದೊರೆಯುತ್ತವೆ. ರೋಮಿನ ಸೆಲ್ಸಸ್ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಅದಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದ: ಕೆಂಪು, ಊತ, ಬಿಸಿ, ನೋವು. ಇವು ಮೈಯ ಮೇಲಾದರೆ ಕಣ್ಣಿಗೆ ಕಾಣುತ್ತವೆ. ಎದೆಯೊಳಗಿನ ಧಮನಿಯೇ ಉರಿಯುತ್ತಿದ್ದರೆ ಅರಿಯುವುದು ಹೇಗೆ? ಈ ಪ್ರಶ್ನೆ ಎದುರಾದಾಗಲೆಲ್ಲ, ವೈದ್ಯನಲ್ಲದ ನನಗೆ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರನ ನೆನಪಾಗುತ್ತದೆ.

ಉರಿಯೂತವುಳ್ಳ ರೋಗಿಯ ರಕ್ತವನ್ನು ಬಟ್ಟಲಿನಲ್ಲಿ ಹಿಡಿದಿಟ್ಟರೆ ಕೆಂಪು ಭಾಗ ಬೇಗನೆ ತಳಕ್ಕಿಳಿದು, ಮೇಲೆ ಬಿಳಿಚಾದ ಕೆನೆ ಕಟ್ಟುವುದನ್ನು ಅವನು ಗಮನಿಸಿದ್ದ. ಇಪ್ಪತ್ತನೆಯ ಶತಮಾನದ ಇ.ಎಸ್.ಆರ್. ಪರೀಕ್ಷೆ ಅಳೆಯುವುದು ಹೀಗೆ ಇಳಿಯುವ ವೇಗವನ್ನೇ. ಅದೇ ಹಂಟರ್ ವರ್ಷಗಟ್ಟಲೆ ಎದೆಶೂಲೆಯಿಂದ ನರಳಿದ. ಗುರುವಿನ ಹೃದಯಧಮನಿಗಳಲ್ಲಿ ದೋಷವಿದೆಯೆಂದು ಶಂಕಿಸಿದ ಶಿಷ್ಯ ಎಡ್ವರ್ಡ್ ಜೆನ್ನರ್, ಅವನ ಮನಸ್ಸು ನೊಂದೀತೆಂದು ಬಾಯಿಬಿಡಲಿಲ್ಲ. 1793ರ ಅಕ್ಟೋಬರ್ 16ರಂದು ಆಸ್ಪತ್ರೆಯ ಸಭೆಯೊಂದರಲ್ಲಿ ವಾಗ್ವಾದವಾಗಿ ಹಂಟರ್ ಕುಸಿದು ಸತ್ತ. ಶವಪರೀಕ್ಷೆಯಲ್ಲಿ ಆ ಧಮನಿಗಳು ಎಲುಬಿನಂತೆ ಗಡುಸಾಗಿದ್ದವು. ರಕ್ತ ಮತ್ತು ಉರಿಯೂತವನ್ನು ಕುರಿತ ಅವನ ಗ್ರಂಥ ಹೊರಬಂದದ್ದು ಮರುವರ್ಷ. ಗ್ರಂಥದಲ್ಲೊಂದು, ದೇಹದಲ್ಲೊಂದು ಇದ್ದ ಈ ಸಂಗತಿಗಳು ಒಂದಕ್ಕೊಂದು ಕೂಡಿಕೊಳ್ಳಲು ಇನ್ನೂರು ವರ್ಷ ಹಿಡಿಯಿತು.

ಧಮನಿಯ ಗಡಸುತನದ ಮೂಲದಲ್ಲಿ ಉರಿಯೂತವಿದೆಯೆಂದು ಜರ್ಮನಿಯ ವಿರ್ಖೋ 1850ರ ದಶಕದಲ್ಲಿಯೇ ವಾದಿಸಿದ್ದ. 1913ರಲ್ಲಿ ರಷ್ಯದ ಅನಿಚ್ಕೋವ್ ಮೊಲಗಳಿಗೆ ಕೊಲೆಸ್ಟರಾಲ್ ತಿನ್ನಿಸಿ ಧಮನಿರೋಗ ತರಿಸಿದ. ಗಮನ ಕ್ರಮೇಣ ಕೊಬ್ಬಿನ ಕಡೆಗೆ ಹೊರಳಿತು. 1930ರಲ್ಲಿ ನ್ಯೂಯಾರ್ಕಿನ ಟಿಲೆಟ್ ಮತ್ತು ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಹೊಸ ವಸ್ತುವೊಂದನ್ನು ಕಂಡರು. ಮುಂದೆ ಅದಕ್ಕೆ ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬ ಹೆಸರಾಯಿತು. 1997ರಲ್ಲಿ ಅಮೆರಿಕದ ಪಾಲ್ ರಿಡ್ಕರ್ ಮತ್ತು ಸಂಗಡಿಗರು, ಆರೋಗ್ಯವಂತ ವೈದ್ಯರಿಂದ ಮೊದಲೇ ತೆಗೆದಿರಿಸಿದ್ದ ರಕ್ತವನ್ನು ಪರೀಕ್ಷಿಸಿದರು. ಈ ಪ್ರೋಟೀನ್ ಅತಿ ಹೆಚ್ಚಿದ್ದವರ ಗುಂಪಿಗೆ ಹೃದಯಾಘಾತದ ಅಪಾಯ, ಅತಿ ಕಡಿಮೆ ಇದ್ದವರ ಗುಂಪಿಗಿಂತ ಸುಮಾರು ಮೂರು ಪಟ್ಟು. ಹೃದಯಾಘಾತವಾಗಿದ್ದ 10,000ಕ್ಕೂ ಹೆಚ್ಚು ಜನರಲ್ಲಿ, ಕೊಲೆಸ್ಟರಾಲಿನ ಗೊಡವೆಗೆ ಹೋಗದೆ ಉರಿಯೂತವನ್ನಷ್ಟೇ ತಗ್ಗಿಸುವ ಔಷಧವೊಂದು ಮರು ಆಘಾತಗಳನ್ನು ಕಡಿಮೆ ಮಾಡಿತೆಂದು 2017ರಲ್ಲಿ ತಿಳಿಯಿತು. ಆದರೆ ಸೋಂಕಿನ ಸಾವುಗಳು ಹೆಚ್ಚಿದವು. ಸುಡುವ ಆ ಉರಿಯೇ ದೇಹವನ್ನು ಕಾಯುವುದೂ ಹೌದು.

ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯುಂಟೆಂಬುದು ನಮ್ಮ ತಾರ್ಕಿಕರ ಹಳೆಯ ಪಾಠ. ಯಾವ ಮರ ಎಷ್ಟು ಬೆಂದಿದೆಯೆಂದು ಮಾತ್ರ ಹೊಗೆ ಹೇಳದು. ಕೀಲುವಾತ, ಸಾಧಾರಣ ಸೋಂಕುಗಳೂ ಈ ಪ್ರೋಟೀನನ್ನು ಏರಿಸಬಲ್ಲವು. ಯಾವ ಧಮನಿ ಎಷ್ಟು ಕಿರಿದಾಗಿದೆಯೆಂಬುದಕ್ಕೆ ಆಂಜಿಯೋಗ್ರಾಮಿನಂಥ ಬೇರೆ ಸಾಕ್ಷಿಯೇ ಬೇಕು. ಆದರೂ ಜೆನ್ನರ್ ಅಂದು ಬಾಯಿಬಿಟ್ಟಿದ್ದರೆ ಗುರುವಿಗೆ ಕೊಡಲು ಮದ್ದಿರಲಿಲ್ಲ. ಇಂದು ಮದ್ದುಂಟು. ಹೊಗೆ ಕಂಡೂ ಸುಮ್ಮನಿರಲು ನಮಗೆ ಆ ನೆಪವಿಲ್ಲ.