ಆತಕೂರಿನ ನಾಯಿ ಕಾಳಿ

ನಮ್ಮ ತಂಡದ ಗೆಳೆಯನ ಊರಲ್ಲಿ ಕೆರೆ ಪಕ್ಕ ಒಂದು ಕಲ್ಲಿದೆ. ಅದರ ಮೇಲೆ ಬಟ್ಟೆ ಒಗೆಯುತ್ತಾರೆ. ಈಚೆಗೆ ಮಗುಚಿ ನೋಡಿದರೆ ಅಡಿಯಲ್ಲಿ ಕತ್ತಿ ಹಿಡಿದ ವೀರ, ಮೂರು ಸಾಲು ಅಕ್ಷರ! ಆವತ್ತಿನಿಂದ ನಮಗೆ ಆತಕೂರಿನ ಕಲ್ಲಿನ ಕಥೆಯೇ ನೆನಪಾಗುತ್ತಿದೆ.

ಬಿ.ಎಲ್. ರೈಸ್ ಹೆಸರು ಕೇಳಿರಬಹುದು. 1837ರಲ್ಲಿ ಬೆಂಗಳೂರಲ್ಲೇ ಹುಟ್ಟಿದವರು. ಶಾಲೆಗಳ ತಪಾಸಣೆಗೆ ಹಳ್ಳಿ ಹಳ್ಳಿ ತಿರುಗುವಾಗ ಅವರಿಗೆ ಶಾಸನಗಳ ಹುಚ್ಚು ಹಿಡಿಯಿತು. ಆಮೇಲೆ ಅವರು ಸುಮಾರು 9 ಸಾವಿರ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. 1894ರ ಸಂಪುಟದಲ್ಲಿ ಈಗಿನ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವೂ ಇದೆ.

ಕಾಲ ಕ್ರಿ.ಶ. 949-50. ತಮಿಳುನಾಡಿನ ಅರಕ್ಕೋಣಂ ಹತ್ತಿರ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ದೊಡ್ಡ ಯುದ್ಧ. ಕೃಷ್ಣನ ಕಡೆ ನಿಂತ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಅದಕ್ಕೆ ಬನವಾಸಿ, ಬೆಳ್ವೊಲ, ಪುರಿಗೆರೆ ಮೊದಲಾದ ನಾಡುಗಳೇ ಅವನಿಗೆ ಬಹುಮಾನವಾಗಿ ಬಂದವು.

ಅದೇ ಯುದ್ಧದಲ್ಲಿ ಮಣಲೆರ ಎಂಬ ವೀರನೂ ಚೆನ್ನಾಗಿ ಕಾದಾಡಿದ್ದ. ಮೆಚ್ಚಿದ ಒಡೆಯ "ಏನು ಬೇಕೋ ಕೇಳು" ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ನಾಯಿ ಸಾಕಿದವರಿಗೆ ಇದು ಅರ್ಥವಾಗುತ್ತದೆ ಬಿಡಿ.

ಮುಂದೆ ಕೆಲಲೆ ನಾಡಿನ ಬೆಳತೂರಿನ ಹತ್ತಿರ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಬಿಡಲಿಲ್ಲ, ಎರಡೂ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿ ಮುಂದೆ ಕಾಳಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಎರಡು ಖಂಡುಗ ಭೂಮಿ ಬಿಟ್ಟ. ಪೂಜಾರಿ ಈ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ನಾಯಿಯ ಪಾಪ ಅವನಿಗೇ ತಗಲಲಿ ಎಂದೂ ಬರೆಸಿದ. ಕಲ್ಲಿನ ಮೇಲೆ ನಾಯಿ, ಹಂದಿ ಕಾದಾಡುವ ಚಿತ್ರವೂ ಇದೆ.

ನಮಗೆ ಸೋಜಿಗ ಎನಿಸುವುದು ಇಷ್ಟು: ತಕ್ಕೋಲದ ಯುದ್ಧದ ಬಗ್ಗೆ, ಬೂತುಗನಿಗೆ ಸಿಕ್ಕ ನಾಡುಗಳ ಬಗ್ಗೆ ಇತಿಹಾಸಕಾರರು ಇಂದಿಗೂ ಹುಡುಕಿಕೊಂಡು ಹೋಗುವುದು ಈ ನಾಯಿಯ ಕಲ್ಲಿಗೇ. ಮಣಲೆರನಿಗೆ ನಾಯಿ ಮೇಲೆ ಅಷ್ಟು ಪ್ರೀತಿ ಇಲ್ಲದಿದ್ದರೆ ಈ ಸಾಲುಗಳೂ ಇರುತ್ತಿರಲಿಲ್ಲ. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪೇಟೆಗೆ ಹೋದಾಗ ಮಕ್ಕಳಿಗೆ ತೋರಿಸಿ.

ಗೆಳೆಯನ ಊರಿನ ಕಲ್ಲಿನದು ಯಾವ ಕಥೆಯೋ, ನಾವಿನ್ನೂ ಓದಿಸಿಲ್ಲ. ನಿಮ್ಮೂರಲ್ಲೂ ಅಂಥ ಕಲ್ಲಿದ್ದರೆ ಸುಣ್ಣ, ಬಣ್ಣ ಬಳಿಯಬೇಡಿ, ಉಜ್ಜಲೂ ಬೇಡಿ. ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಮೊಬೈಲಲ್ಲಿ ಫೋಟೊ ತೆಗೆಯಿರಿ. ನಡುಮಧ್ಯಾಹ್ನ ಕಾಣದ ಅಕ್ಷರ ಆಗ ಎದ್ದು ಕಾಣುತ್ತವೆ. ಕೆರೆ ಪಕ್ಕದ ಆ ಮೂರು ಸಾಲು ನಮಗೆ ಕಂಡಿದ್ದೂ ಸಂಜೆ ಐದೂವರೆಗೆ.