ಲೋಗೋಥೆರಪಿ

ಮನುಷ್ಯನನ್ನು ಮುಖ್ಯವಾಗಿ ನಡೆಸುವುದು ಬದುಕಿಗೊಂದು ಅರ್ಥ ಬೇಕೆಂಬ ಹಂಬಲ, ಸುಖ ಅದರ ಹಿಂದೆ ತಾನಾಗಿ ಬರುವಂಥದು ಎಂಬ ನಿಲುವಿನ ಮೇಲೆ ಕಟ್ಟಿದ ಮಾನಸಿಕ ಚಿಕಿತ್ಸಾ ಪದ್ಧತಿ. ಇದನ್ನು ರೂಪಿಸಿದವ ಆಸ್ಟ್ರಿಯದ ವಿಯೆನ್ನಾ ನಗರದ ನರರೋಗ ಹಾಗೂ ಮನೋರೋಗ ತಜ್ಞ ವಿಕ್ಟರ್ ಫ್ರಾಂಕ್ಲ್ (1905–1997). ಅದೇ ನಗರದಲ್ಲಿ ಹುಟ್ಟಿದ ಫ್ರಾಯ್ಡ್ ಮತ್ತು ಆಡ್ಲರ್ ಪಂಥಗಳ ನಂತರ ಬಂದದ್ದರಿಂದ ಇದನ್ನು ಮನಶ್ಚಿಕಿತ್ಸೆಯ ಮೂರನೆಯ ವಿಯೆನ್ನಾ ಪಂಥವೆಂದೂ ಕರೆಯುವುದುಂಟು. ಫ್ರಾಯ್ಡ್ ಸುಖದ ತುಡಿತಕ್ಕೆ, ಆಡ್ಲರ್ ಮೇಲ್ಮೆಯ ತುಡಿತಕ್ಕೆ ಕೊಟ್ಟಿದ್ದ ಸ್ಥಾನವನ್ನು ಫ್ರಾಂಕ್ಲ್ ಅರ್ಥದ ಹಂಬಲಕ್ಕೆ ಕೊಟ್ಟ.

ಈ ವಿಚಾರ ನಾಜಿಗಳ ಯಾತನಾ ಶಿಬಿರದಲ್ಲಿ ಹುಟ್ಟಿತೆಂಬ ಮಾತು ಬಹಳ ಪ್ರಚಾರದಲ್ಲಿದೆ. ಅದು ಸರಿಯಲ್ಲ. ಲೋಗೋಥೆರಪಿ ಎಂಬ ಹೆಸರನ್ನು ಫ್ರಾಂಕ್ಲ್ ಉಪನ್ಯಾಸವೊಂದರಲ್ಲಿ ಬಳಸಿದ್ದು 1926ರಲ್ಲಿ, ಇನ್ನೂ ವೈದ್ಯಕೀಯ ಓದುತ್ತಿದ್ದಾಗ. ಮರುವರ್ಷ ಆಡ್ಲರನ ಬಳಗ ಈತನನ್ನು ಹೊರಹಾಕಿತು. 1928ರಿಂದ ವಿಯೆನ್ನಾದಲ್ಲಿ ಹದಿಹರೆಯದವರಿಗಾಗಿ ಉಚಿತ ಸಲಹಾ ಕೇಂದ್ರಗಳನ್ನು ನಡೆಸಿದ; ಅಂಕಪಟ್ಟಿ ಕೈಗೆ ಬರುವ ದಿನಗಳಲ್ಲಿ ಮಕ್ಕಳ ಆತ್ಮಹತ್ಯೆ ತಡೆಯಲೆಂದೇ ವಿಶೇಷ ಏರ್ಪಾಡು ಮಾಡಿದ. ಆರ್ಥಿಕ ಕುಸಿತದ ಆ ಕಾಲದಲ್ಲಿ ಕೆಲಸ ಕಳೆದುಕೊಂಡು ಕುಗ್ಗಿದ್ದ ಯುವಕರನ್ನು ಗ್ರಂಥಾಲಯ, ವಯಸ್ಕರ ಶಿಕ್ಷಣ, ಯುವಜನ ಸಂಘಗಳ ಸಂಬಳವಿಲ್ಲದ ಕೆಲಸಕ್ಕೆ ಹಚ್ಚಿದಾಗ, ಜೇಬು ಖಾಲಿಯಾಗಿಯೇ ಉಳಿದರೂ ಖಿನ್ನತೆ ಇಳಿದದ್ದನ್ನು ದಾಖಲಿಸಿದ. ಕೆಲಸವಿಲ್ಲದವರು ತಮ್ಮನ್ನು ಯಾರಿಗೂ ಬೇಡದವರೆಂದೂ, ಬೇಡದವರ ಬದುಕಿಗೆ ಅರ್ಥವಿಲ್ಲವೆಂದೂ ಎಣಿಸಿಬಿಡುತ್ತಾರೆ ಎಂಬುದು ಈತನ ವಿವರಣೆ. ಈ ಪದ್ಧತಿಯ ತಿರುಳೆಲ್ಲ ಈ ಒಂದು ವಿವರಣೆಯಲ್ಲಿಯೇ ಇದೆಯೆನ್ನಬಹುದು. 1933ರಿಂದ 1937ರವರೆಗೆ ಸ್ಟೈನ್‌ಹೋಫ್ ಮಾನಸಿಕ ಆಸ್ಪತ್ರೆಯಲ್ಲಿ ಆತ್ಮಹತ್ಯೆಗೆ ಯತ್ನಿಸಿದ ಮಹಿಳೆಯರ ವಿಭಾಗ ಈತನ ಹೊಣೆಯಲ್ಲಿತ್ತು.

ಶಿಬಿರಗಳ ಅನುಭವ ಈ ಸಿದ್ಧಾಂತವನ್ನು ಒರೆಗೆ ಹಚ್ಚಿತು. ಯಹೂದಿಯಾದ ಫ್ರಾಂಕ್ಲ್‌ಗೆ ಅಮೆರಿಕದ ವೀಸಾ ಸಿಕ್ಕಿತ್ತಾದರೂ ಮುದಿ ತಂದೆತಾಯಿಯನ್ನು ಬಿಟ್ಟು ಹೋಗಲು ಮನಸ್ಸಾಗದೆ ಅದರ ಅವಧಿ ಮುಗಿಯಗೊಟ್ಟ. 1942ರ ಸೆಪ್ಟೆಂಬರಿನಲ್ಲಿ ಕುಟುಂಬದೊಂದಿಗೆ ಥೆರೇಸಿಯನ್‌ಸ್ಟಾಟ್‌ಗೆ, 1944ರ ಅಕ್ಟೋಬರಿನಲ್ಲಿ ಆಶ್ವಿಟ್ಸ್‌ಗೆ, ಅಲ್ಲಿಂದ ಕೆಲವೇ ದಿನಗಳಲ್ಲಿ ಡಖಾವ್ ಶಿಬಿರದ ಶಾಖೆಗಳಾದ ಕೌಫೆರಿಂಗ್ ಮತ್ತು ಟ್ಯುರ್ಕ್‌ಹೈಮ್‌ಗೆ ಈತನನ್ನು ಸಾಗಿಸಲಾಯಿತು. ತಂದೆ, ತಾಯಿ, ಅಣ್ಣ, ಹೆಂಡತಿ ಟಿಲ್ಲಿ ಯಾರೂ ಉಳಿಯಲಿಲ್ಲ. ಕೋಟಿನ ಒಳಪದರದಲ್ಲಿ ಬಚ್ಚಿಟ್ಟಿದ್ದ ಮೊದಲ ಗ್ರಂಥದ ಹಸ್ತಪ್ರತಿ ಆಶ್ವಿಟ್ಸ್‌ನಲ್ಲಿ ಕೋಟಿನೊಂದಿಗೇ ಹೋಯಿತು. ಟ್ಯುರ್ಕ್‌ಹೈಮ್‌ನಲ್ಲಿ ಟೈಫಸ್ ಜ್ವರ ಬಂದಾಗ ಪ್ರಜ್ಞೆ ತಪ್ಪದಂತೆ ರಾತ್ರಿಯಿಡೀ ಎಚ್ಚರವಿದ್ದು, ಸಿಕ್ಕಿದ ಕಾಗದದ ಚೂರುಗಳ ಮೇಲೆ ಆ ಗ್ರಂಥವನ್ನು ಶೀಘ್ರಲಿಪಿಯಲ್ಲಿ ಮತ್ತೆ ಕಟ್ಟತೊಡಗಿದ. ಗಾಯಗೊಂಡ ಕಾಲಲ್ಲಿ ಚಳಿಗೆ ನಡೆಯುತ್ತಿದ್ದ ದಿನವೊಂದರಲ್ಲಿ, ತಾನು ಬೆಳಕು ತುಂಬಿದ ಬೆಚ್ಚನೆಯ ಸಭಾಂಗಣದಲ್ಲಿ ನಿಂತು ಶಿಬಿರದ ಮನೋವಿಜ್ಞಾನದ ಬಗ್ಗೆ ಉಪನ್ಯಾಸ ಕೊಡುತ್ತಿರುವಂತೆ ಕಲ್ಪಿಸಿಕೊಂಡದ್ದನ್ನೂ ಬರೆದಿದ್ದಾನೆ. ಮುಂದೆ ಮಾಡಬೇಕಾದ ಕೆಲಸವೊಂದು ಕಾದಿದೆಯೆಂಬ ಕನಸಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಊಹಿಸುವುದು ಕಷ್ಟ. 1945ರ ಏಪ್ರಿಲ್ 27ರಂದು ಬಿಡುಗಡೆಯಾಯಿತು. ಶಿಬಿರದ ನೆನಪುಗಳನ್ನು ಒಂಬತ್ತು ದಿನಗಳಲ್ಲಿ ಹೇಳಿ ಬರೆಸಿದ ಪುಸ್ತಕ 1946ರಲ್ಲಿ ಜರ್ಮನ್ ಭಾಷೆಯಲ್ಲಿ ಹೊರಬಂತು. ಮುಂದೆ 'ಮ್ಯಾನ್ಸ್ ಸರ್ಚ್ ಫಾರ್ ಮೀನಿಂಗ್' ಎಂಬ ಹೆಸರಿನಿಂದ ಜಗತ್ತಿನ ತುಂಬ ಓದಿಸಿಕೊಂಡದ್ದು ಇದೇ ಕೃತಿ.

ಫ್ರಾಂಕ್ಲ್‌ನ ಪ್ರಕಾರ ಅರ್ಥ ಎಲ್ಲರಿಗೂ ಒಂದೇ ಆಗಿರುವ ತತ್ತ್ವವಲ್ಲ. ಅದು ವ್ಯಕ್ತಿಯಿಂದ ವ್ಯಕ್ತಿಗೆ, ಒಬ್ಬನಲ್ಲೇ ಹೊತ್ತಿನಿಂದ ಹೊತ್ತಿಗೆ ಬದಲಾಗುತ್ತದೆ. ಬದುಕಿನಿಂದ ತನಗೇನು ಸಿಗಬೇಕೆಂದು ಕೇಳುವವನು, ಬದುಕು ತನ್ನಿಂದ ಏನನ್ನು ಕೇಳುತ್ತಿದೆಯೆಂದು ನೋಡಬೇಕು. ಉತ್ತರ ಸಿಗುವ ದಾರಿ ಮೂರು: ಒಂದನ್ನು ಮಾಡುವುದು ಅಥವಾ ಸೃಷ್ಟಿಸುವುದು, ನಿಸರ್ಗ, ಕಲೆ, ಮತ್ತೊಬ್ಬರ ಪ್ರೀತಿ ಇವುಗಳನ್ನು ಅನುಭವಿಸುವುದು, ತಪ್ಪಿಸಲಾಗದ ಸಂಕಟದೆದುರು ತಾಳುವ ನಿಲುವು. ಮೂರನೆಯದಕ್ಕೆ ಈತ ಕೊಡುತ್ತಿದ್ದ ನಿದರ್ಶನ ಪ್ರಸಿದ್ಧವಾಗಿದೆ. ಹೆಂಡತಿಯ ಸಾವಿನ ದುಃಖದಿಂದ ಹೊರಬರಲಾಗದ ವೃದ್ಧ ವೈದ್ಯನೊಬ್ಬನನ್ನು, ನೀವೇ ಮೊದಲು ತೀರಿಕೊಂಡಿದ್ದರೆ ಆಕೆಯ ಗತಿ ಏನಾಗುತ್ತಿತ್ತೆಂದು ಫ್ರಾಂಕ್ಲ್ ಕೇಳಿದ. ಆಕೆ ಬಹಳ ನರಳುತ್ತಿದ್ದಳೆಂದು ವೈದ್ಯ ಹೇಳಿದಾಗ, ಆ ನರಳಿಕೆಯಿಂದ ಆಕೆಯನ್ನು ಉಳಿಸಿದ್ದಕ್ಕೆ ತೆತ್ತ ಬೆಲೆ ಈ ದುಃಖವೆಂದು ತೋರಿಸಿಕೊಟ್ಟ. ತಪ್ಪಿಸಬಹುದಾದ ನೋವನ್ನು ಸಹಿಸುವುದು ಮಾತ್ರ ಈತನ ದೃಷ್ಟಿಯಲ್ಲಿ ಬರಿಯ ಆತ್ಮಹಿಂಸೆ. ಈ ಷರತ್ತನ್ನು ಈತನ ಅಭಿಮಾನಿಗಳು ಅನೇಕ ಸಲ ಮರೆಯುತ್ತಾರೆ.

ಸುಖವನ್ನೇ ಗುರಿಯಾಗಿಟ್ಟು ಬೆನ್ನಟ್ಟಿದರೆ ಅದು ಕೈತಪ್ಪುತ್ತದೆ ಎಂಬುದು ಸಿದ್ಧಾಂತದ ಇನ್ನೊಂದು ಮುಖ. ನಿದ್ರೆ ಬರಲೇಬೇಕೆಂದು ಹಟ ಹಿಡಿದವನಿಗೆ ನಿದ್ರೆ ಬಾರದು. ಅಂಥವರಿಗೆ ಎಚ್ಚರವಾಗಿರಲು ಯತ್ನಿಸಿರೆಂದು ಹೇಳುವ 'ವಿರೋಧಾಭಾಸದ ಸಂಕಲ್ಪ' ಎಂಬ ತಂತ್ರವನ್ನು ಫ್ರಾಂಕ್ಲ್ 1939ರಲ್ಲಿಯೇ ವಿವರಿಸಿದ್ದ. ಭಯ, ಗೀಳುಗಳ ಚಿಕಿತ್ಸೆಯಲ್ಲಿ ಅದನ್ನು ಬೇರೆ ಪಂಥದವರೂ ಬಳಸಿಕೊಂಡರು. ಸ್ವಂತ ಕನಸುಗಳ ವಿಷಯದಲ್ಲೂ ಇದೇ ತರ್ಕ: ತನ್ನ ಪೂರ್ಣತೆಯನ್ನೇ ಗುರಿಯಾಗಿಸಿಕೊಂಡವನಿಗೆ ಅದು ದಕ್ಕುವುದಿಲ್ಲ, ತನ್ನಾಚೆಯ ಕೆಲಸಕ್ಕೋ ವ್ಯಕ್ತಿಗೋ ತೆತ್ತುಕೊಂಡವನಿಗೆ ಜೊತೆಯಲ್ಲೇ ಬರುತ್ತದೆ. ವಾರವಿಡೀ ದುಡಿದು ಭಾನುವಾರ ಬಿಡುವಾದೊಡನೆ ಕವಿಯುವ ಬೇಸರವನ್ನು 'ಭಾನುವಾರದ ಮನೋವ್ಯಾಧಿ' ಎಂದು ಕರೆದ ಈತ, ಅದರ ಕೆಳಗಿರುವುದು ಅಸ್ತಿತ್ವದ ಶೂನ್ಯವೆಂದ. ಹಿತವಾದದ್ದು ಬೇರೆ, ಒಳಿತಾದದ್ದು ಬೇರೆ ಎಂಬ ವಿವೇಚನೆ ಅರಿಸ್ಟಾಟಲ್‌ನಲ್ಲೂ ಕಠೋಪನಿಷತ್ತಿನ ಶ್ರೇಯ–ಪ್ರೇಯ ವಿಚಾರದಲ್ಲೂ ಇದೆ. ಆದರೆ ಆ ಉಪನಿಷತ್ತಿನಲ್ಲಿ ಯಮ ನಚಿಕೇತನಿಗೆ ತೋರುವ ದಾರಿ ಆತ್ಮಜ್ಞಾನದ್ದು. ಫ್ರಾಂಕ್ಲ್‌ನದು ಈ ಲೋಕದ ನಿತ್ಯದ ಹೊಣೆಗಾರಿಕೆಗಳಲ್ಲೇ ನಿಲ್ಲುತ್ತದೆ.

ಸಿದ್ಧಾಂತವನ್ನು ಅಳೆದು ನೋಡುವ ಪ್ರಯತ್ನಗಳು ತಡವಾಗಿ ಆರಂಭವಾದವು. ಸಂಶೋಧಕರಾದ ಕ್ರಂಬೋ ಮತ್ತು ಮಹೋಲಿಕ್ 1964ರಲ್ಲಿ ಬದುಕಿನ ಅರ್ಥದ ಅರಿವನ್ನು ಅಳೆಯುವ ಪ್ರಶ್ನೆಗಳ ಮಾಪಕವೊಂದನ್ನು ರೂಪಿಸಿದರು. 2011ರಲ್ಲಿ ಐರಿಸ್ ಮಾಸ್ ಮತ್ತು ಸಂಗಡಿಗರು, ಸಂತೋಷಕ್ಕೆ ಅತಿಯಾದ ಬೆಲೆ ಕೊಡುವವರು ಸಂತೋಷದ ಸಂದರ್ಭದಲ್ಲೇ ನಿರಾಶರಾಗಬಹುದೆಂದು ತೋರಿಸಿದರು. ರಾಯ್ ಬೌಮೈಸ್ಟರ್ ಮತ್ತು ಸಹೋದ್ಯೋಗಿಗಳ 2013ರ ಅಮೆರಿಕನ್ ಸಮೀಕ್ಷೆ ಸಂತೋಷ ಮತ್ತು ಅರ್ಥ ಬಹುಮಟ್ಟಿಗೆ ಒಟ್ಟಿಗೇ ಇರುತ್ತವೆಂದು ಕಂಡಿತಾದರೂ, ಅವು ಅಗಲುವ ಕಡೆಗಳು ಕುತೂಹಲಕರವಾಗಿದ್ದವು. ಆರೋಗ್ಯ, ಹಣ, ನಿರಾಯಾಸದ ಬದುಕು ಸಂತೋಷದೊಂದಿಗೆ ತಳುಕು ಹಾಕಿಕೊಂಡಿದ್ದವು, ಅರ್ಥದೊಂದಿಗೆ ಅಷ್ಟಾಗಿ ಇಲ್ಲ. ಪರರಿಗೆ ಕೊಡುವುದು, ಹಿಂದುಮುಂದನ್ನು ಯೋಚಿಸುವುದು, ಜೊತೆಗೆ ಚಿಂತೆ ಮತ್ತು ಒತ್ತಡ ಅರ್ಥದ ಕಡೆ ವಾಲಿದ್ದವು. ಈ ಸಮೀಕ್ಷೆಯ ಫಲಿತಾಂಶಗಳು ಜನ ತಮ್ಮ ಬಗ್ಗೆ ತಾವೇ ಹೇಳಿಕೊಂಡ ಮಾತಿನ ಮೇಲೆ ನಿಂತಿರುವುದರಿಂದ ಯಾವುದು ಕಾರಣ, ಯಾವುದು ಪರಿಣಾಮವೆಂದು ನಿರ್ಧರಿಸಲಾಗದು. ಚಿಕಿತ್ಸೆಯ ಮಟ್ಟದಲ್ಲಿ ಹೆಚ್ಚು ಗಟ್ಟಿಯಾದ ಕೆಲಸ ನಡೆದಿರುವುದು ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದಲ್ಲಿ. ಅಲ್ಲಿ ವಿಲಿಯಂ ಬ್ರೈಟ್‌ಬಾರ್ಟ್ ಫ್ರಾಂಕ್ಲ್‌ನ ವಿಚಾರಗಳನ್ನು ಆಧರಿಸಿ, ರೋಗ ಉಲ್ಬಣಿಸಿದವರಿಗಾಗಿ ಕೆಲವೇ ವಾರಗಳ ಚಿಕಿತ್ಸಾಕ್ರಮವನ್ನು ರೂಪಿಸಿ ಪರೀಕ್ಷೆಗೆ ಒಡ್ಡಿದ್ದಾನೆ.

ಟೀಕೆಗಳೂ ಕಡಿಮೆಯಿಲ್ಲ. ರೋಗಿಗೆ ಅರ್ಥ ಕಾಣದಿದ್ದಾಗ ಚಿಕಿತ್ಸಕನೇ ಅದನ್ನು ಒದಗಿಸುವ ಈ ಕ್ರಮ ಅಧಿಕಾರವಾಣಿಗೆ ಹತ್ತಿರವಾದದ್ದೆಂದು ಅಮೆರಿಕದ ರೋಲೋ ಮೇ ಆಕ್ಷೇಪಿಸಿದ. ಶಿಬಿರಗಳಲ್ಲಿ ಉಳಿದವರು, ಅಳಿದವರು ಎಂಬುದನ್ನು ಬಹುಪಾಲು ನಿರ್ಧರಿಸಿದ್ದು ಅದೃಷ್ಟ ಮತ್ತು ಕೊಲೆಗಾರರ ಇಚ್ಛೆ. ಅಂಥಲ್ಲಿ ಮನೋಬಲವನ್ನು ಎತ್ತಿ ಹಿಡಿದರೆ ಸತ್ತವರಿಗೆ ಅನ್ಯಾಯವಾಗುತ್ತದೆಂಬುದು ಸಾಹಿತ್ಯ ವಿಮರ್ಶಕ ಲಾರೆನ್ಸ್ ಲ್ಯಾಂಗರ್‌ನ ವಾದದ ಸಾರ. ಇದು ಸುಲಭವಾಗಿ ತಳ್ಳಿಹಾಕುವಂಥದಲ್ಲ. ಅತ್ಯುತ್ತಮರು ಮರಳಿ ಬರಲಿಲ್ಲವೆಂದು ಸ್ವತಃ ಫ್ರಾಂಕ್ಲ್ ಒಪ್ಪಿಕೊಂಡಿದ್ದಾನೆ. ಇತಿಹಾಸಕಾರ ಟಿಮೊಥಿ ಪೈಟೆಲ್, ಫ್ರಾಂಕ್ಲ್ ಆಶ್ವಿಟ್ಸ್‌ನಲ್ಲಿದ್ದದ್ದು ಕೆಲವೇ ದಿನವಾದರೂ ಪುಸ್ತಕ ಓದಿದವರಿಗೆ ಹಾಗನ್ನಿಸದೆಂದು ತೋರಿಸಿ, 1930ರ ದಶಕದಲ್ಲಿ ಫ್ರಾಂಕ್ಲ್‌ಗಿದ್ದ ರಾಜಕೀಯ ಸಂಪರ್ಕಗಳನ್ನೂ ಪ್ರಶ್ನಿಸಿದ್ದಾನೆ.

ಪಂಥದೊಳಗೂ ಒಡಕು ಬಂತು. ಶಿಷ್ಯ ಆಲ್‌ಫ್ರೀಡ್ ಲ್ಯಾಂಗ್ಲೆ ರೋಗಿಯ ಭಾವನೆ ಮತ್ತು ಜೀವನಚರಿತ್ರೆಗೆ ಹೆಚ್ಚು ಒತ್ತು ಕೊಟ್ಟದ್ದನ್ನು ಒಪ್ಪದೆ ಫ್ರಾಂಕ್ಲ್ 1991ರಲ್ಲಿ ಆತನ ಸಂಘದ ಗೌರವಾಧ್ಯಕ್ಷತೆ ತೊರೆದ. ಮರುವರ್ಷ ವಿಯೆನ್ನಾದಲ್ಲಿ ವಿಕ್ಟರ್ ಫ್ರಾಂಕ್ಲ್ ಸಂಸ್ಥೆ ಸ್ಥಾಪನೆಯಾಯಿತು. ಮೂಲ ಲೋಗೋಥೆರಪಿ ಮತ್ತು ಲ್ಯಾಂಗ್ಲೆಯ ಅಸ್ತಿತ್ವ ವಿಶ್ಲೇಷಣೆ ಅಂದಿನಿಂದ ಬೇರೆಬೇರೆಯಾಗಿಯೇ ಬೆಳೆಯುತ್ತಿವೆ.